ಬೆರಳು ಎಲ್ಲೈತಿ, ಡಬ್ಬಿಯೊಳಗ ಏನೈತಿ? – ಫೋಕಸ್ ಮತ್ತು ಆಯ್ಕೆಯ ಒಂದು ಪಾಠ

ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಒಂದು ಪುಸ್ತಕದ ಕಪಾಟು ಇದೆ. ನಾಲ್ಕು ನೂರರ ಹತ್ತಿರ ಪುಸ್ತಕ. ಯಾರು ಒಯ್ದರು, ಯಾರು ತಂದುಕೊಟ್ಟರು ಅಂತ ನೋಟ್‌ಬುಕ್ಕಿನಲ್ಲಿ ಬರೆದು ಬರೆದು ಬೇಸತ್ತು, ಹೋದ ವರ್ಷ ನಾವು ನಾಲ್ಕು ಮಂದಿ ಕೂಡಿ ಜಾವಾದಲ್ಲಿ ಒಂದು ಸಣ್ಣ ತಂತ್ರಾಂಶ ಬರೆದೆವು. ಹೆಸರೂ ‘ಕಪಾಟು’ ಅಂತನೇ ಇಟ್ಟೆವು. ಸ್ವಿಂಗ್ ಬಳಸಿದ್ದೆವು, ಯಾಕಂದ್ರ ಲ್ಯಾಬಿನಲ್ಲಿ ನಮಗೆ ಕಲಿಸಿದ್ದು ಅದೇ. ಬಣ್ಣ ಚೆನ್ನಾಗಿತ್ತು, ಡೆಮೋ ಚೆನ್ನಾಗಾಯಿತು, ಚಪ್ಪಾಳೆಯೂ ಬಿತ್ತು.

ಸಂಘದ ಶನಿವಾರದ ಓದಿಗೆ ಪಕ್ಕದ ಕಾಲೇಜಿನಿಂದ ಒಬ್ಬ ಗೆಳೆಯ ಬರುತ್ತಾನೆ. ಬಿ.ಎ. ಓದುತ್ತಾನೆ, ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿಕೊಂಡು ನಮಗಿಂತ ಬೇಗ ಕಂಪ್ಯೂಟರ್ ನಡೆಸುತ್ತಾನೆ. “ಶನಿವಾರದ ಕಪಾಟು ನಾ ನೋಡ್ಕೊಳ್ತೀನಿ ಅಣ್ಣಾ” ಅಂದ. ನಾವು ಖುಷಿಯಿಂದ ಒಪ್ಪಿದೆವು. ಮೊದಲ ಕೆಲಸ: ಎರಡೆರಡು ಸಲ ನಮೂದಾಗಿದ್ದ ಮೂರು ಪುಸ್ತಕಗಳ ಹೆಚ್ಚುವರಿ ದಾಖಲೆ ಅಳಿಸುವುದು.

ಸೋಮವಾರ ನೋಡಿದರೆ, ನಿವೃತ್ತ ಮೇಷ್ಟ್ರೊಬ್ಬರು ದಾನವಾಗಿ ಕೊಟ್ಟಿದ್ದ ಪುಸ್ತಕಗಳ ಪೈಕಿ ಮೂರರ ದಾಖಲೆ ಮಾಯ. ಅಳಿಸಬೇಕಿದ್ದ ಮೂರೂ ಹಾಗೇ ಇದ್ದವು. ನಮ್ಮಲ್ಲೇ ಒಬ್ಬರು, “ಅವಂಗ ಕಾಣಂಗಿಲ್ಲಲ್ಲ, ತಪ್ಪಾಗಿರ್ತದ ಬಿಡ್ರಿ” ಅಂದರು. ಆ ಮಾತನ್ನು ನಾವ್ಯಾರೂ ತಡೆಯಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಮುಂದಿನ ಶನಿವಾರ ಅವನೇ ಬಂದು ಕುಳಿತ. “ನಾ ಅಳಿಸಿದ್ದು ಇನ್ನೂ ಪಟ್ಟಿಯೊಳಗ ಐತಿ. ನೀವೂ ಒಮ್ಮೆ ಕೇಳ್ರಿ” ಅಂದು ಹೆಡ್‌ಫೋನ್ ತೆಗೆದು ಸ್ಪೀಕರ್ ಹಚ್ಚಿದ. ಬಾಣದ ಕೀಲಿ ಒತ್ತಿ ಏಳನೆಯ ಸಾಲಿಗೆ ಬಂದ. ಸ್ಕ್ರೀನ್ ರೀಡರ್ ಏಳನೆಯ ಪುಸ್ತಕದ ಹೆಸರು ಹೇಳಿತು. ಡಿಲೀಟ್ ಒತ್ತಿದ. “ಖಚಿತವೇ?” ಎಂದು ಕೇಳಿತು. ಹೌದು ಅಂದ. ಏಳನೆಯದು ಅಲ್ಲೇ ಇತ್ತು, ಎರಡನೆಯದು ಹೋಗಿತ್ತು. ಮತ್ತೊಮ್ಮೆ ಮಾಡಿ ತೋರಿಸಿದ, ಮತ್ತದೇ. ಕೊನೆಗೆ ಮೆಲ್ಲಗೆ ಅಂದ: “ಇದು ಮಾತಾಡ್ತೈತಿ ಅಣ್ಣಾ, ಆದ್ರ ಸುಳ್ಳ ಹೇಳ್ತೈತಿ.”

ಆ ಸುಳ್ಳು ಎಲ್ಲಿಂದ ಬಂತು ಅಂತ ಹುಡುಕುತ್ತಾ ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಪೇಡೆ ಅಂಗಡಿಯ ಲೆಕ್ಕ

ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆ ಕೊಳ್ಳಲು ನಿಂತಿದ್ದೀರಿ ಅಂದುಕೊಳ್ಳಿ. ಗಾಜಿನ ಹಿಂದೆ ತಟ್ಟೆಗಳ ಸಾಲು. ನಿಮ್ಮ ಬೆರಳು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸರಿಯುತ್ತದೆ: “ಇದು ಎಷ್ಟ್ರೀ? ಅದು ಹೊಸಾದ?” ಬೆರಳು ಒಂದು ಹೊತ್ತಿಗೆ ಒಂದೇ ತಟ್ಟೆಯ ಮೇಲೆ ಇರುತ್ತದೆ. ಅಂಗಡಿಯವರು ಡಬ್ಬಿಗೆ ತುಂಬಿದ್ದು ಬೇರೆ ಲೆಕ್ಕ. ಡಬ್ಬಿಯಲ್ಲಿ ಮೂರು ಬಗೆ ಇರಬಹುದು, ಏನೂ ಇಲ್ಲದೆಯೂ ಇರಬಹುದು.

ಆ ಬೆರಳೇ ಫೋಕಸ್. ಈಗ ಕೀಲಿ ಒತ್ತಿದರೆ ಅದು ಯಾರಿಗೆ ತಲುಪುತ್ತದೆ ಎಂಬುದನ್ನು ಫೋಕಸ್ ಹೇಳುತ್ತದೆ. ಇಡೀ ಪರದೆಯ ಮೇಲೆ ಒಂದು ಹೊತ್ತಿಗೆ ಒಂದೇ ಫೋಕಸ್. ಆ ಡಬ್ಬಿಯೇ ಆಯ್ಕೆ, ಅಂದರೆ ಸೆಲೆಕ್ಷನ್. ಮುಂದೆ ಮಾಡುವ ಕೆಲಸ ಯಾವುದರ ಮೇಲೆ ನಡೆಯಬೇಕು ಎಂಬುದನ್ನು ಆಯ್ಕೆ ಹೇಳುತ್ತದೆ. ಅದು ಸೊನ್ನೆಯೂ ಆಗಬಹುದು, ಹತ್ತೂ ಆಗಬಹುದು.

ಬಹಳಷ್ಟು ಸಲ ಎರಡೂ ಕೂಡಿಯೇ ಓಡಾಡುತ್ತವೆ. ಪಟ್ಟಿಯಲ್ಲಿ ಕೆಳಬಾಣ ಒತ್ತಿದರೆ ಫೋಕಸ್ ಕೆಳಗಿನ ಸಾಲಿಗೆ ಹೋಗುತ್ತದೆ, ಆಯ್ಕೆಯೂ ಅದರ ಬೆನ್ನು ಹತ್ತುತ್ತದೆ. ಹೀಗಾಗಿ ಎರಡೂ ಒಂದೇ ಅಂತ ನಾವು ತಿಳಿದುಬಿಡುತ್ತೇವೆ. ಈಗಲೇ ಪರೀಕ್ಷೆ ಮಾಡಿ ನೋಡಿ. ವಿಂಡೋಸ್‌ನಲ್ಲಿ ಫೈಲ್‌ಗಳಿರುವ ಯಾವುದಾದರೂ ಫೋಲ್ಡರ್ ತೆರೆಯಿರಿ, ಮೌಸ್ ಬಿಡಿ. ಒಂದು ಫೈಲ್ ಆರಿಸಿ, ಕಂಟ್ರೋಲ್ ಒತ್ತಿ ಹಿಡಿದು ಕೆಳಬಾಣ ಒತ್ತಿರಿ. ಬಣ್ಣ ತುಂಬಿದ ಸಾಲು ಅಲ್ಲೇ ಉಳಿಯುತ್ತದೆ, ಸಣ್ಣ ಚೌಕಟ್ಟು ಮಾತ್ರ ಕೆಳಗಿಳಿಯುತ್ತದೆ. ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಆ ಸಾಲೂ ಡಬ್ಬಿಗೆ ಸೇರುತ್ತದೆ, ಇನ್ನೊಮ್ಮೆ ಒತ್ತಿದರೆ ಹೊರಬರುತ್ತದೆ. ಶಿಫ್ಟ್ ಜೊತೆ ಬಾಣ ಒತ್ತಿದರೆ, ಶುರು ಮಾಡಿದ ಸಾಲಿನಿಂದ ಈಗಿರುವ ಸಾಲಿನವರೆಗೆ ಎಲ್ಲವೂ ಆಯ್ಕೆಯಾಗುತ್ತದೆ. ಶುರುವಿನ ಸಾಲಿಗೆ ‘ಆ್ಯಂಕರ್’, ಈಗಿನ ಸಾಲಿಗೆ ‘ಲೀಡ್’ ಅಂತ ಸ್ವಿಂಗ್‌ನಲ್ಲಿ ಹೆಸರು. ಜೆಲಿಸ್ಟ್‌ನಲ್ಲೂ ಬಹು ಆಯ್ಕೆ ಇಟ್ಟಿದ್ದರೆ ಇವೇ ಕೀಲಿಗಳು ನಡೆಯುತ್ತವೆ. ನಾವು ಒಂದು ಸಾಲು ಕೋಡ್ ಕೂಡ ಬರೆಯಬೇಕಿಲ್ಲ.

ನಮ್ಮ ಮೂರನೆಯ ಬೆರಳು

ಹಾಗಾದರೆ ‘ಕಪಾಟು’ ಸುಳ್ಳು ಹೇಳಿದ್ದು ಹೇಗೆ? ಜೆಲಿಸ್ಟ್‌ನ ಫೋಕಸ್ ಏಳನೆಯ ಸಾಲಿನಲ್ಲಿತ್ತು, ಆಯ್ಕೆಯೂ ಏಳನೆಯದೇ. ಸ್ಕ್ರೀನ್ ರೀಡರ್ ಹೇಳಿದ್ದೂ ನಿಜವೇ. ಆದರೆ ನಾವು ‘ಈಗಿನ ಪುಸ್ತಕ’ ಅಂತ ನಮ್ಮದೇ ಒಂದು ವೇರಿಯಬಲ್ ಇಟ್ಟುಕೊಂಡಿದ್ದೆವು. ಸಾಲಿನ ಸಂಖ್ಯೆಯನ್ನು ಅದರಲ್ಲಿ ತುಂಬುತ್ತಿದ್ದದ್ದು ಮೌಸ್‌ಲಿಸನರ್, ಅಂದರೆ ಮೌಸ್ ಕ್ಲಿಕ್ ಆದಾಗ ಮಾತ್ರ. ಅವತ್ತು ಬೆಳಿಗ್ಗೆ ನಮ್ಮಲ್ಲಿ ಯಾರೋ ಎರಡನೆಯ ಸಾಲಿನ ಮೇಲೆ ಕ್ಲಿಕ್ ಮಾಡಿ ಹಾಗೇ ಬಿಟ್ಟು ಹೋಗಿದ್ದರು. ಡಿಲೀಟ್ ಕೀಲಿ ಕೇಳುತ್ತಿದ್ದದ್ದು ಆ ವೇರಿಯಬಲ್ಲನ್ನು.

ಸಂಖ್ಯೆಯನ್ನಷ್ಟೇ ಇಟ್ಟಿದ್ದರಿಂದ, ಎರಡನೆಯದು ಅಳಿದ ಕೂಡಲೇ ಮೂರನೆಯದು ಮೇಲೇರಿ ಎರಡನೆಯದಾಯಿತು. ಮುಂದಿನ ಡಿಲೀಟ್‌ಗೆ ಅದೂ ಹೋಯಿತು. ಮೂರು ಸಲ ಒತ್ತಿದ್ದಕ್ಕೆ ಒಂದರ ಪಕ್ಕ ಒಂದಿದ್ದ ಮೂರು ದಾಖಲೆ ಹೋದವು. ನಾವು ಸೋಮವಾರವೇ ಸ್ವಲ್ಪ ಯೋಚಿಸಿದ್ದರೆ ಸಾಕಿತ್ತು: ಬೇರೆ ಬೇರೆ ಕಡೆ ಇದ್ದ ಮೂರನ್ನು ಅಳಿಸಲು ಹೋದವನ ಕೈತಪ್ಪು ಸಾಲಾಗಿ ಒಂದೇ ಜಾಗದಲ್ಲಿ ಬೀಳುವುದಿಲ್ಲ. ಅದು ಯಂತ್ರದ ತಪ್ಪಿನ ಗುರುತು. ನಾವು ಕೋಡ್ ನೋಡುವ ಮೊದಲು ಮನುಷ್ಯನನ್ನು ನೋಡಿದೆವು.

ಪರಿಹಾರ ಎರಡು ಸಾಲಿನದು. ಆ ವೇರಿಯಬಲ್ಲನ್ನೇ ತೆಗೆದುಹಾಕಿದೆವು. ಕೆಲಸ ಮಾಡುವ ಕ್ಷಣದಲ್ಲಿ ಪಟ್ಟಿಯನ್ನೇ ಕೇಳುತ್ತೇವೆ: ನಿನ್ನಲ್ಲಿ ಆಯ್ಕೆಯಾದವು ಯಾವವು? ಆಯ್ಕೆ ಬದಲಾದಾಗ ಬದಿಯ ವಿವರ ಬದಲಾಗಬೇಕಿದ್ದರೆ, ಅದಕ್ಕೆ ಲಿಸ್ಟ್‌ಸೆಲೆಕ್ಷನ್‌ಲಿಸನರ್ ಇದೆ. ಮೌಸ್‌ನಿಂದ ಬದಲಾಗಲಿ, ಕೀಲಿಯಿಂದ ಬದಲಾಗಲಿ, ಅದಕ್ಕೆ ಸುದ್ದಿ ಮುಟ್ಟುತ್ತದೆ. ಪಾಠ ಇಷ್ಟು: ಆಯ್ಕೆಯ ಲೆಕ್ಕ ಒಂದೇ ಕಡೆ ಇರಲಿ. ನಕಲು ಇಟ್ಟುಕೊಂಡರೆ ಎಂದಾದರೂ ಒಂದು ದಿನ ಅಸಲಿಗೂ ನಕಲಿಗೂ ಜಗಳ ಬಿದ್ದೇ ಬೀಳುತ್ತದೆ.

ಜೊತೆಗೆ ಆ “ಖಚಿತವೇ?” ಎಂಬ ಪ್ರಶ್ನೆ. ಏನು ಖಚಿತ? ಈಗ ಅದು ಪುಸ್ತಕದ ಹೆಸರನ್ನೇ ಹೇಳಿ ಅಳಿಸಲೇ ಎಂದು ಕೇಳುತ್ತದೆ. ಹಲವು ಇದ್ದರೆ ಎಷ್ಟು ಅಂತ ಹೇಳುತ್ತದೆ. ಫೋಕಸ್ ಮೊದಲು ‘ಬೇಡ’ ಗುಂಡಿಯ ಮೇಲೆ ಕೂರುತ್ತದೆ. ಅಂದೇ ಹೀಗಿದ್ದಿದ್ದರೆ, ಮೊದಲ ಡಿಲೀಟ್‌ಗೇ ತಪ್ಪು ಹೆಸರು ಕಿವಿಗೆ ಬಿದ್ದು ಅವನು ನಿಲ್ಲಿಸುತ್ತಿದ್ದ.

ಅಳಿಸಿದ ಮೇಲೆ ಬೆರಳು ಎಲ್ಲಿ ಹೋಗಬೇಕು?

ಅವನ ಎರಡನೆಯ ದೂರು: “ಒಂದ್ ಅಳಿಸಿದ್ರ ಸಾಕು, ನನ್ನ ಎತ್ತಿ ಹುಡುಕೋ ಪೆಟ್ಟಿಗ್ಯಾಗ ಒಗೀತೈತಿ. ಮತ್ತ ಮೊದಲಿಂದ ನಡ್ಕೊಂಡ ಬರಬೇಕು.” ಇದಕ್ಕೆ ಕಾರಣ ನಮ್ಮ ಸೋಮಾರಿತನ. ಒಂದು ದಾಖಲೆ ಅಳಿದರೆ ನಾವು ಇಡೀ ಫಲಕವನ್ನೇ ಕಿತ್ತು ಮತ್ತೆ ಕಟ್ಟುತ್ತಿದ್ದೆವು. ಫೋಕಸ್ ಇದ್ದ ಪಟ್ಟಿಯೇ ಇಲ್ಲವಾದ ಮೇಲೆ ಫೋಕಸ್ ಸಿಕ್ಕ ಕಡೆ ಹೋಗಿ ಕೂರುತ್ತದೆ. ಫಲಕ ಬಿಟ್ಟು ಬರೀ ಮಾಡೆಲ್ ಬದಲಿಸಿದರೂ ತೊಂದರೆ ತಪ್ಪದು. ಜೆಲಿಸ್ಟ್‌ಗೆ ಹೊಸ ಮಾಡೆಲ್ ಕೊಟ್ಟರೆ ಅದು ಇದ್ದ ಆಯ್ಕೆಯನ್ನೆಲ್ಲ ಖಾಲಿ ಮಾಡುತ್ತದೆ.

ಕಣ್ಣಿದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ಮೌಸ್ ಬಾಣ ಇದ್ದಲ್ಲೇ ಇರುತ್ತದೆ, ಕಣ್ಣೂ ಅಲ್ಲೇ ಇರುತ್ತದೆ. ಕೀಲಿಮಣೆಯಲ್ಲಿ ನಡೆಯುವವರಿಗೆ ಫೋಕಸ್ಸೇ ನಿಂತ ನೆಲ. ಆದ್ದರಿಂದ ನಾವು ಹಾಕಿಕೊಂಡ ನಿಯಮಗಳು:

1. ಇದ್ದ ಮಾಡೆಲ್‌ನಿಂದ ಆ ಸಾಲನ್ನಷ್ಟೇ ತೆಗೆಯುವುದು.
2. ಅಳಿದ ಜಾಗಕ್ಕೆ ಬಂದ ಸಾಲಿನ ಮೇಲೆ ಫೋಕಸ್ ಮತ್ತು ಆಯ್ಕೆ. ಅಳಿದದ್ದು ಕಡೆಯ ಸಾಲಾಗಿದ್ದರೆ ಅದರ ಹಿಂದಿನದರ ಮೇಲೆ.
3. ಪಟ್ಟಿಯೇ ಖಾಲಿಯಾದರೆ ‘ಪುಸ್ತಕ ಸೇರಿಸು’ ಗುಂಡಿಯ ಮೇಲೆ.
4. ಸಂವಾದ ಪೆಟ್ಟಿಗೆ ತೆರೆದಾಗ ಫೋಕಸ್ ಅದರ ಒಳಗೆ. ಎಸ್ಕೇಪ್ ಒತ್ತಿ ಮುಚ್ಚಿದಾಗ, ಎಲ್ಲಿಂದ ತೆರೆದಿದ್ದರೋ ಅಲ್ಲಿಗೇ ವಾಪಸ್.

ಚಿಗರಿ ಬಸ್ಸು ಮತ್ತು ಓಣಿ

ಹುಬ್ಬಳ್ಳಿ–ಧಾರವಾಡದ ನಡುವಿನ ಸುಮಾರು 22 ಕಿಲೋಮೀಟರ್‌ನಲ್ಲಿ ಚಿಗರಿ ಬಸ್ಸು ಪ್ರತಿ ಮನೆ ಮುಂದೆ ನಿಲ್ಲುವುದಿಲ್ಲ. ನವನಗರದ ನಿಲ್ದಾಣದಲ್ಲಿ ಇಳಿಸುತ್ತದೆ, ಅಲ್ಲಿಂದ ಓಣಿಗೆ ನಡೆದು ಹೋಗಬೇಕು. ಟ್ಯಾಬ್ ಕೀಲಿ ಚಿಗರಿ ಇದ್ದಂತೆ, ಬಾಣದ ಕೀಲಿ ನಡಿಗೆ. ಹುಡುಕುವ ಪೆಟ್ಟಿಗೆ, ಪಟ್ಟಿ, ಗುಂಡಿಗಳು – ಇವು ಟ್ಯಾಬ್‌ನ ನಿಲ್ದಾಣಗಳು. ಪಟ್ಟಿಯೊಳಗಿನ ನಾಲ್ಕು ನೂರು ಸಾಲುಗಳಿಗೆ ಬಾಣ. ಪ್ರತಿ ಸಾಲನ್ನೂ ಬೇರೆ ಬೇರೆ ಗುಂಡಿಯಾಗಿ ಮಾಡಿ ಟ್ಯಾಬ್‌ಗೆ ಕೊಟ್ಟರೆ, ಕೊನೆಯ ಗುಂಡಿ ಮುಟ್ಟಲು ನಾಲ್ಕು ನೂರು ಸಲ ಒತ್ತಬೇಕು.

ನಿಲ್ದಾಣಗಳ ಕ್ರಮವೂ ದಾರಿಯ ಕ್ರಮವೇ ಆಗಿರಬೇಕು. ನವನಗರ ಆದಮೇಲೆ ಉಣಕಲ್ ಬಂದರೆ ಸರಿ, ತಿರುಗಿ ಧಾರವಾಡ ಬಂದರೆ ಪ್ರಯಾಣಿಕ ಗಾಬರಿಯಾಗುತ್ತಾನೆ. ‘ಕಪಾಟು’ ಪರೀಕ್ಷಿಸಿದಾಗ ಈ ದಾರಿಯಲ್ಲಿ ನಮಗೆ ಸಿಕ್ಕ ಗುಂಡಿಗಳು (ರಸ್ತೆಯ ಗುಂಡಿಗಳೇ!) ಮೂರು.

ಒಂದು: ಚೆಂದ ಕಾಣಲೆಂದು ಜೆಲೇಬಲ್ ಮೇಲೆ ಚಿತ್ರ ಹಾಕಿ, ಮೌಸ್‌ಲಿಸನರ್ ಹಚ್ಚಿ, ಅದನ್ನೇ ‘ಕೊಡು’ ಗುಂಡಿ ಮಾಡಿದ್ದೆವು. ಲೇಬಲ್ ಮೇಲೆ ಟ್ಯಾಬ್ ನಿಲ್ಲುವುದಿಲ್ಲ. ಸ್ಕ್ರೀನ್ ರೀಡರ್‌ಗೆ ಅದು ಗುಂಡಿ ಅಂತಲೂ ಗೊತ್ತಾಗುವುದಿಲ್ಲ. ಗುಂಡಿ ಬೇಕಿದ್ದರೆ ಜೆಬಟನ್ ಬಳಸಿ, ಚಿತ್ರವನ್ನು ಅದರ ಮೇಲೆಯೇ ಹಾಕಬಹುದು.

ಎರಡು: ಷರಾ ಬರೆಯುವ ಜೆಟೆಕ್ಸ್ಟ್‌ಏರಿಯಾ. ಅದರೊಳಗೆ ಟ್ಯಾಬ್ ಒತ್ತಿದರೆ ಮುಂದೆ ಹೋಗುವ ಬದಲು ಒಳಗೇ ಜಾಗ ಬಿಡುತ್ತದೆ. ಹೊರಬರಲು ಕಂಟ್ರೋಲ್ ಮತ್ತು ಟ್ಯಾಬ್ ಬೇಕು ಅನ್ನುವುದು ಎಷ್ಟು ಮಂದಿಗೆ ಗೊತ್ತು? ಎರಡು ಸಾಲಿನ ಷರಾಕ್ಕೆ ಟ್ಯಾಬ್ ಅಕ್ಷರ ಯಾಕೆ ಬೇಕು? ಸೆಟ್‌ಫೋಕಸ್‌ಟ್ರಾವರ್ಸಲ್‌ಕೀಸ್ ಎಂಬ ಮೆಥಡ್‌ಗೆ ನಲ್ ಕೊಟ್ಟರೆ, ಉಳಿದ ಪೆಟ್ಟಿಗೆಗಳಂತೆ ಇಲ್ಲೂ ಟ್ಯಾಬ್ ಮುಂದೆ ಸಾಗುತ್ತದೆ.

ಮೂರು: ಗುಂಡಿಯ ಅಕ್ಷರಗಳ ಸುತ್ತ ಬರುವ ತೆಳು ಗೆರೆ ‘ಅಸಹ್ಯ’ ಅಂತ ಸೆಟ್‌ಫೋಕಸ್‌ಪೇಂಟೆಡ್‌ಗೆ ಫಾಲ್ಸ್ ಕೊಟ್ಟಿದ್ದೆವು. ಆ ಗೆರೆಯೇ ಫೋಕಸ್‌ನ ಗುರುತು. ಕಣ್ಣಿದ್ದೂ ಮೌಸ್ ಹಿಡಿಯಲಾರದವರು ಇದ್ದಾರೆ – ಕೈ ನಡುಗುವವರು, ಬೈಕಿನಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ನಮ್ಮ ಕ್ಲಾಸಿನವನೂ ಸೇರಿ. ಗೆರೆ ತೆಗೆದರೆ ಅವರು ಕತ್ತಲಲ್ಲಿ ತಡಕಾಡಬೇಕು.

ಪಟ್ಟಿಯಲ್ಲೂ ನಾವು ಇದೇ ತಪ್ಪು ಮಾಡಿದ್ದೆವು. ಸಾಲು ಹೇಗೆ ಕಾಣಬೇಕು ಅಂತ ತೀರ್ಮಾನಿಸುವ ರೆಂಡರರ್‌ಗೆ ಸ್ವಿಂಗ್ ಐದು ಮಾಹಿತಿ ಕೊಡುತ್ತದೆ. ನಾಲ್ಕನೆಯದು ‘ಈಸ್‌ಸೆಲೆಕ್ಟೆಡ್’, ಐದನೆಯದು ‘ಸೆಲ್‌ಹ್ಯಾಸ್‌ಫೋಕಸ್’. ಡಬ್ಬಿಗೆ ಒಂದು, ಬೆರಳಿಗೆ ಒಂದು. ನಾವು ನಾಲ್ಕನೆಯದಕ್ಕೆ ನೀಲಿ ಬಣ್ಣ ಕೊಟ್ಟು, ಐದನೆಯದನ್ನು ಮುಟ್ಟಿಯೇ ಇರಲಿಲ್ಲ. ಈಗ ಆಯ್ಕೆಗೆ ಬಣ್ಣ, ಫೋಕಸ್‌ಗೆ ದಪ್ಪ ಚೌಕಟ್ಟು. ಎರಡಕ್ಕೂ ಬಣ್ಣವನ್ನೇ ಕೊಟ್ಟಿದ್ದರೆ, ಬಣ್ಣ ಗುರುತಿಸಲಾಗದವರಿಗೆ ಮತ್ತೆ ಗೊಂದಲವಾಗುತ್ತಿತ್ತು.

ಹೆಸರಿಲ್ಲದ ಸಾಲು, ಒಡೆದ ಅಕ್ಷರ

ಫೋಕಸ್ ಸರಿಯಾದ ಜಾಗಕ್ಕೆ ಬಂದರೆ ಸಾಲದು, ಬಂದ ಜಾಗಕ್ಕೆ ಹೆಸರೂ ಇರಬೇಕು. ಪುಸ್ತಕದ ಹೆಸರು, ಲೇಖಕರು ಎರಡನ್ನೂ ತೋರಿಸಲು ರೆಂಡರರ್ ಆಗಿ ಜೆಪ್ಯಾನಲ್ ಬಳಸಿ ನೋಡಿದೆವು. ಜೆಲೇಬಲ್ ಆದರೆ ಅದರ ಬರಹವೇ ಅದರ ಹೆಸರು. ಪ್ಯಾನಲ್‌ಗೆ ತಾನಾಗಿ ಹೆಸರಿಲ್ಲ, ಸ್ಕ್ರೀನ್ ರೀಡರ್ ಮೂಕವಾಗುತ್ತದೆ. ಸೆಟ್‌ಆ್ಯಕ್ಸೆಸಿಬಲ್‌ನೇಮ್ ಮೂಲಕ ನಾವೇ ಹೆಸರು ಕೊಡಬೇಕು.

ಇನ್ನೊಂದು ಸಣ್ಣ, ಆದರೆ ದಿನಾ ಉಪಯೋಗಕ್ಕೆ ಬರುವ ಸಂಗತಿ. ಪಟ್ಟಿಯ ಮೇಲೆ ಫೋಕಸ್ ಇದ್ದಾಗ ‘ಹ’ ಒತ್ತಿದರೆ ‘ಹ’ದಿಂದ ಶುರುವಾಗುವ ಸಾಲಿಗೆ ಜೆಲಿಸ್ಟ್ ತಾನೇ ಹಾರುತ್ತದೆ. ಕೂಡಲೇ ‘ು’ ಒತ್ತಿದರೆ ‘ಹು’ ಹುಡುಕುತ್ತದೆ. ಇದಕ್ಕೆ ಅದು ನೋಡುವುದು ನಮ್ಮ ಕ್ಲಾಸಿನ ಟುಸ್ಟ್ರಿಂಗ್ ಮೆಥಡ್ ಕೊಡುವ ಬರಹವನ್ನು. ಆ ಮೆಥಡ್ ನಾವು ಬರೆಯದಿದ್ದರೆ ಕ್ಲಾಸಿನ ಹೆಸರು ಮತ್ತು ಒಂದಿಷ್ಟು ಅಂಕಿ ಅಕ್ಷರದ ಕಲಸುಮೇಲೋಗರ ಸಿಗುತ್ತದೆ, ಹುಡುಕಾಟ ನಡೆಯುವುದೇ ಇಲ್ಲ. ಎರಡು ಕೀಲಿಗಳ ನಡುವೆ ಅದು ಕಾಯುವುದು ಒಂದು ಸೆಕೆಂಡ್ ಮಾತ್ರ. ಕನ್ನಡದಲ್ಲಿ ಒಂದು ಅಕ್ಷರಕ್ಕೇ ಎರಡು ಮೂರು ಕೀಲಿ ಬೇಕಾಗುವುದರಿಂದ ‘ಲಿಸ್ಟ್.ಟೈಮ್‌ಫ್ಯಾಕ್ಟರ್’ ಎಂಬ ಮೌಲ್ಯವನ್ನು ನಾವು ಮೂರು ಸೆಕೆಂಡ್‌ಗೆ ಏರಿಸಿದೆವು.

ಬರಹದ ಒಳಗಿನ ಆಯ್ಕೆಯಲ್ಲೂ ಕನ್ನಡಕ್ಕೆ ಎಚ್ಚರ ಬೇಕು. ‘ಹುಬ್ಬಳ್ಳಿ’ ಅನ್ನುವುದು ನಮ್ಮ ಬಾಯಿಗೆ ಮೂರು ಅಕ್ಷರ: ಹು, ಬ್ಬ, ಳ್ಳಿ. ಯೂನಿಕೋಡ್‌ನಲ್ಲಿ ಅದು 9 ಸಂಕೇತ: ಹ, ಉಕಾರ, ಬ, ವಿರಾಮ, ಬ, ಳ, ವಿರಾಮ, ಳ, ಇಕಾರ. ಹುಡುಕಿದ ಪದವನ್ನು ಆಯ್ಕೆ ಮಾಡಿ ತೋರಿಸುವಾಗ, ಉದ್ದ ಹೆಸರನ್ನು ಕತ್ತರಿಸುವಾಗ ‘ಮೊದಲ ಇಷ್ಟು ಕ್ಯಾರೆಕ್ಟರ್’ ಅಂತ ಎಣಿಸಿದರೆ ಕತ್ತರಿ ಅಕ್ಷರದ ನಡುವೆ ಬೀಳುತ್ತದೆ. ಜಾವಾದ ಬ್ರೇಕ್‌ಇಟರೇಟರ್ ಬಳಸಿದರೆ, ಹೊಸ ಆವೃತ್ತಿಗಳಲ್ಲಿ ಕನಿಷ್ಠ ಸ್ವರಚಿಹ್ನೆಯನ್ನು ವ್ಯಂಜನದಿಂದ ಕಿತ್ತು ಹಾಕುವುದಿಲ್ಲ.

ನೀವೂ ಪರೀಕ್ಷಿಸಿ

ಎನ್‌ವಿಡಿಎ ಉಚಿತ. ಮೈಕೆಲ್ ಕರನ್ ಎಂಬ ಕಣ್ಣು ಕಾಣದ ಆಸ್ಟ್ರೇಲಿಯಾದ ಯುವಕ 2006ರಲ್ಲಿ ಇದನ್ನು ಶುರು ಮಾಡಿದರು. ಇದರ ಜೊತೆ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡ ಓದಲು ಬರುತ್ತದೆ. ಸ್ವಿಂಗ್ ತಂತ್ರಾಂಶ ಅದರ ಜೊತೆ ಮಾತಾಡಬೇಕಿದ್ದರೆ ವಿಂಡೋಸ್‌ನಲ್ಲಿ ಜಾವಾ ಆ್ಯಕ್ಸೆಸ್ ಬ್ರಿಡ್ಜ್ ಚಾಲೂ ಇರಬೇಕು. ಜೆಎಬಿಸ್ವಿಚ್ ಎಂಬ ಆದೇಶದಿಂದ ಒಮ್ಮೆ ಚಾಲೂ ಮಾಡಿದರೆ ಸಾಕು. ಲಿನಕ್ಸ್ ಬಳಸುವವರಿಗೆ ಆರ್ಕಾ ಇದೆ. ಎಲ್ಲಿದ್ದೇವೆ ಅಂತ ಗೊತ್ತಾಗದಿದ್ದರೆ ಎನ್‌ವಿಡಿಎಯಲ್ಲಿ ಇನ್ಸರ್ಟ್ ಜೊತೆ ಟ್ಯಾಬ್ ಒತ್ತಿ, ಈಗಿನ ಫೋಕಸ್ ಹೇಳುತ್ತದೆ.

ಇದು ಬರೀ ದಯೆಯ ಮಾತಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು 2017ರಿಂದ ಜಾರಿಯಲ್ಲಿದೆ. ಮಾಹಿತಿ ತಂತ್ರಜ್ಞಾನ ಎಲ್ಲರಿಗೂ ಎಟುಕಬೇಕು ಅನ್ನುವುದು ಅದರಲ್ಲಿದೆ. ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಐಎಸ್ 17802 ಎಂಬ ಮಾನದಂಡವನ್ನೂ ತಂದಿದೆ. ವೆಬ್‌ಗಾಗಿ ಬರೆದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ನಾಲ್ಕು ಅಂಶಗಳು ನಮ್ಮ ಡೆಸ್ಕ್‌ಟಾಪ್‌ಗೂ ಸಾಕಷ್ಟು: ಎಲ್ಲವೂ ಕೀಲಿಮಣೆಯಿಂದ ಆಗಬೇಕು (2.1.1), ಎಲ್ಲೂ ಸಿಕ್ಕಿಬೀಳಬಾರದು (2.1.2), ಫೋಕಸ್‌ನ ಕ್ರಮಕ್ಕೆ ಅರ್ಥವಿರಬೇಕು (2.4.3), ಫೋಕಸ್ ಕಾಣಬೇಕು (2.4.7).

ನಿಮ್ಮ ಪ್ರಾಜೆಕ್ಟ್ ಒಪ್ಪಿಸುವ ಮುನ್ನ ಹತ್ತು ನಿಮಿಷ ತೆಗೆದಿಡಿ. ಮೌಸ್ ಕಿತ್ತು ಡ್ರಾದೊಳಗೆ ಹಾಕಿ. ಒಂದು ದಾಖಲೆ ಸೇರಿಸಿ, ತಿದ್ದಿ, ಅಳಿಸಿ. ಒಂದೊಂದು ಹೆಜ್ಜೆಗೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಬೆರಳು ಎಲ್ಲೈತಿ? ಡಬ್ಬಿಯೊಳಗ ಏನೈತಿ? ಎರಡೂ ಬೇರೆ ಇದ್ದರೆ ಅದು ನನಗೆ ಗೊತ್ತಾಗ್ತೈತಿ? ಆಮೇಲೆ ಪರದೆ ಆರಿಸಿ, ಎನ್‌ವಿಡಿಎ ಹಾಕಿ, ಅದನ್ನೇ ಮತ್ತೊಮ್ಮೆ ಮಾಡಿ.

ನಾವು ಆ ಗೆಳೆಯನ ಹತ್ತಿರ ಕ್ಷಮೆ ಕೇಳಿದೆವು. ಕೇಳುವಾಗ “ಬಗ್ ಇತ್ತು” ಅಂತಷ್ಟೇ ಹೇಳಿ ಮುಗಿಸಬಹುದಿತ್ತು. ಸೋಮವಾರ ಆಡಿದ ಮಾತನ್ನೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಮಾತು ನನಗ ಹೊಸಾದಲ್ಲ ಅಣ್ಣಾ. ಕಂಪ್ಯೂಟರ್ ತಪ್ಪು ಮಾಡಿದ್ರೂ ಮೊದಲ ನನ್ನ ಕಡೆನ ನೋಡ್ತಾರ” ಅಂದ. ಮೇಷ್ಟ್ರ ಪುಸ್ತಕಗಳ ಮೂರು ದಾಖಲೆಗಳನ್ನು ಅವನೇ ಕುಳಿತು ಮತ್ತೆ ನಮೂದಿಸಿದ. ‘ಕಪಾಟು’ವಿನ ಹೊಸ ಆವೃತ್ತಿ ಬಂದಾಗಲೆಲ್ಲ ಈಗ ಮೊದಲು ಅವನು ಓಡಿಸಿ ನೋಡುತ್ತಾನೆ, ಆಮೇಲೆ ನಾವು. ಹೋದ ಶನಿವಾರ ಇನ್ನೂ ಎರಡು ತಪ್ಪು ಹಿಡಿದುಕೊಟ್ಟಿದ್ದಾನೆ. ಅವು ಮುಂದಿನ ಸಂಚಿಕೆಗೆ.